ಗದ್ದಲದ ನಡುವೆ ಕೇಳಿಸದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ರೆಸ್ಟೋರೆಂಟ್, ಚಿತ್ರಮಂದಿರ ಮತ್ತು ನೈಟ್ ಕ್ಲಬ್‌ಗಳಲ್ಲಿ ತಮಗಾದ ಅನುಭವಗಳನ್ನು ಕುರಿತು ಓದುಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಶಬ್ದಕ್ಕೆ ಸಂಬಂಧಿಸಿದವಾಗಿದ್ದರಿಂದ, ಈ ಸಂಚಿಕೆಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: 72 ವರ್ಷದ ನನ್ನ ತಂದೆಯವರನ್ನು ಹುಟ್ಟುಹಬ್ಬದ ದಿನ ರೆಸ್ಟೋರೆಂಟ್ ಒಂದಕ್ಕೆ ಕರೆದೊಯ್ದಿದ್ದೆವು. ಮನೆಯಲ್ಲಿ ಚೆನ್ನಾಗಿಯೇ ಮಾತನಾಡುವ ಅವರು ಅಲ್ಲಿ ಬಾಯಿ ಬಿಡಲಿಲ್ಲ. ಏನು ಕೇಳಿದರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ದೋಷ ಅವರ ಕಿವಿಯದೋ, ಆ ಸ್ಥಳದ್ದೋ?

ಉತ್ತರ: ಎರಡೂ ಸೇರಿದ್ದಿರಬಹುದು, ಆದರೆ ಸ್ಥಳದ ಪಾಲನ್ನು ಕಡಿಮೆಯೆಂದು ಎಣಿಸಬೇಡಿ. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚಿನ ಆವೃತ್ತಿಯ, ಅಂದರೆ ಕೀರಲು ಸ್ವರದ, ಶಬ್ದಗಳನ್ನು ಗ್ರಹಿಸುವ ಶಕ್ತಿ, ಮತ್ತು ಅನೇಕ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. 'ಕಾಲು', 'ಪಾಲು', 'ಸಾಲು', 'ಹಾಲು' ಎಂಬ ನಾಲ್ಕು ಪದಗಳಲ್ಲಿ ಮೊದಲ ವ್ಯಂಜನ ಗದ್ದಲದಲ್ಲಿ ಮುಳುಗಿದರೆ ಉಳಿಯುವುದು 'ಆಲು' ಎಂಬ ನಾದ ಮಾತ್ರ. ನಿಶ್ಶಬ್ದವಾದ ಮನೆಯಲ್ಲಿ ಸಂದರ್ಭದಿಂದ ಊಹಿಸಿ ಅರ್ಥಮಾಡಿಕೊಳ್ಳುವ ಹಿರಿಯರು, ಹತ್ತು ಮೇಜುಗಳ ಮಾತು ಒಟ್ಟಿಗೆ ಕಿವಿಗೆ ಬೀಳುವಾಗ ಊಹಿಸುವುದನ್ನೂ ಕೈಬಿಟ್ಟು ಮೌನವಾಗುತ್ತಾರೆ. ಅದನ್ನು ಬೇಸರವೆಂದೋ ಮರೆವೆಂದೋ ತಿಳಿಯುವುದು ಅವರಿಗೆ ಮಾಡುವ ಅನ್ಯಾಯ.

ಇನ್ನು ಸ್ಥಳದ ವಿಚಾರ. ಸುತ್ತ ಸದ್ದಿದ್ದಾಗ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯನ್ ಲೊಂಬಾರ್ 1911ರಲ್ಲಿ ದಾಖಲಿಸಿದರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಗಾಜು, ಕಲ್ಲಿನ ನೆಲ, ಬೋಳು ಗೋಡೆಗಳು ಆ ಸದ್ದನ್ನು ಹೀರಿಕೊಳ್ಳದೆ ಮರಳಿ ಎಸೆಯುವುದರಿಂದ ಗದ್ದಲ ಇನ್ನಷ್ಟು ಬೆಳೆಯುತ್ತದೆ. ಇದಕ್ಕೆ ಪರಿಹಾರ ತಿಳಿದು ನೂರು ವರ್ಷಕ್ಕೂ ಹೆಚ್ಚಾಗಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಸಭಾಂಗಣವೊಂದರಲ್ಲಿ ಮಾತೇ ಅರ್ಥವಾಗದಿದ್ದಾಗ, ವಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರು ಬೇರೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಪ್ರತಿ ಮೆತ್ತೆಗೂ ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮಾರ್ದನಿ, ಎಷ್ಟು ತಗ್ಗುತ್ತದೆಂದು ಅಳೆದರು. ದಪ್ಪ ಪರದೆ, ಮೇಜಿನ ಮೇಲಿನ ಬಟ್ಟೆ, ಚಾವಣಿಗೆ ಹಚ್ಚುವ ಶಬ್ದಹೀರುವ ಹಲಗೆ ಇವೆಲ್ಲ ಮಾಡುವುದು ಅದೇ ಕೆಲಸವನ್ನು. ಒಳಾಂಗಣದ ಅಂದಕ್ಕೆ ಧಾರಾಳವಾಗಿ ಖರ್ಚು ಮಾಡುವ ಮಾಲೀಕರು ಇಷ್ಟನ್ನು ಮರೆಯುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಮುಂದಿನ ಸಲ ಜನಸಂದಣಿಗೆ ಮುಂಚಿನ ಹೊತ್ತನ್ನು ಆರಿಸಿ, ಧ್ವನಿವರ್ಧಕ ಮತ್ತು ಅಡುಗೆಮನೆಯಿಂದ ದೂರದ ಮೂಲೆಯ ಮೇಜನ್ನು ಮೊದಲೇ ಕೇಳಿ, ಮಾತನಾಡುವವರ ಮುಖಗಳ ಮೇಲೆ ಬೆಳಕು ಬೀಳುವಂತೆ ಕುಳಿತುಕೊಳ್ಳಿ. ತಂದೆಯವರ ಶ್ರವಣ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ಚಿತ್ರಮಂದಿರದಲ್ಲಿ ಸಂಭಾಷಣೆ ಕೇಳಿಸುವುದೇ ಇಲ್ಲ, ಹೊಡೆದಾಟ ಬಂದರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ತಪ್ಪು ಚಿತ್ರದ್ದೋ, ಮಂದಿರದ್ದೋ?

ಉತ್ತರ: ಪಿಸುಮಾತಿಗೂ ಸ್ಫೋಟಕ್ಕೂ ದೊಡ್ಡ ಅಂತರವಿಟ್ಟು ಧ್ವನಿಮಿಶ್ರಣ ಮಾಡಿದ ಚಿತ್ರಗಳಿವೆ, ಅಲ್ಲಿ ಮಂದಿರದವರು ಮಾಡಬಹುದಾದುದು ಸ್ವಲ್ಪವೇ. ಆದರೆ ಸಂಭಾಷಣೆ ಸಾಮಾನ್ಯವಾಗಿ ಪರದೆಯ ಹಿಂದಿನ ನಡು ಧ್ವನಿವರ್ಧಕದಿಂದ ಬರುತ್ತದೆ. ಸಂಗೀತ ಸ್ಪಷ್ಟವಾಗಿದ್ದು ಮಾತು ಮಾತ್ರ ಮಂಕಾಗಿದ್ದರೆ ಆ ಧ್ವನಿವರ್ಧಕ ಕೆಟ್ಟಿರುವ ಸಂಭವವಿದೆ. ಅದನ್ನು ಚಿತ್ರ ಮುಗಿದ ಮೇಲಲ್ಲ, ಮೊದಲ ಹತ್ತು ನಿಮಿಷಗಳಲ್ಲೇ ಸಿಬ್ಬಂದಿಗೆ ತಿಳಿಸಬೇಕು. ಅಬ್ಬರದ ಬಗ್ಗೆ ದೂರು ಬಂದಾಗ ಒಟ್ಟು ಧ್ವನಿಯನ್ನೇ ತಗ್ಗಿಸುವ ಮಂದಿರಗಳಲ್ಲಿ ಮಾತೂ ಅದರೊಡನೆ ತಗ್ಗುತ್ತದೆ. ಆಸನದ ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಪರದೆಯಿಂದ ಸಭಾಂಗಣದ ಉದ್ದದ ಮೂರನೇ ಎರಡು ಭಾಗದಷ್ಟು ಹಿಂದಕ್ಕೆ, ನಟ್ಟನಡುವೆ ಕುಳಿತುಕೊಳ್ಳಿ. ಧ್ವನಿಯನ್ನು ಹೊಂದಿಸುವಾಗ ತಂತ್ರಜ್ಞರು ಹೆಚ್ಚಾಗಿ ಗಮನದಲ್ಲಿಡುವುದು ಆ ಜಾಗವನ್ನೇ.

ಪ್ರಶ್ನೆ: ನೈಟ್ ಕ್ಲಬ್‌ನಲ್ಲಿ ಮೂರು ಗಂಟೆ ಧ್ವನಿವರ್ಧಕದ ಪಕ್ಕದಲ್ಲೇ ಇದ್ದೆ. ಮರುದಿನ ಮಧ್ಯಾಹ್ನದವರೆಗೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಈಗ ಸರಿಯಾಗಿದೆ, ಸ್ನೇಹಿತರು ಇದು ಮಾಮೂಲು ಎನ್ನುತ್ತಾರೆ.

ಉತ್ತರ: ಮಾಮೂಲು ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಆ ಗುಂಯ್‌ಗುಟ್ಟುವಿಕೆ ಒಳಕಿವಿಗೆ ಆಯಾಸವಾಗಿದೆ ಎಂಬುದರ ಸೂಚನೆ, ಮತ್ತು ಮನುಷ್ಯರಲ್ಲಿ ಸದ್ದನ್ನು ಗ್ರಹಿಸುವ ಅಲ್ಲಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಕೆಲಸದ ಸ್ಥಳಗಳಿಗೆ ಹೇಳಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ, 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ 15 ನಿಮಿಷಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಸ್ಥಳಗಳಿಗೆಂದೇ ಪ್ರಕಟಿಸಿದ ಮಾನದಂಡವು ಸರಾಸರಿ 100 ಡೆಸಿಬೆಲ್ ಮೀರಬಾರದೆಂದಷ್ಟೇ ಅಲ್ಲದೆ, ಕಿವಿಗೆ ವಿರಾಮ ಕೊಡಲು ಶಾಂತವಾದ ಜಾಗವಿರಬೇಕು, ಕಿವಿರಕ್ಷಕಗಳು ದೊರೆಯುವಂತಿರಬೇಕು ಎಂದೂ ಹೇಳುತ್ತದೆ. ಫೋಮ್‌ನ ಕಿವಿರಕ್ಷಕಗಳನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ, ಧ್ವನಿವರ್ಧಕದಿಂದ ದೂರ ನಿಲ್ಲಿ, ಆಗಾಗ ಹೊರಬನ್ನಿ. ಸದ್ದು ಒಂದೆರಡು ದಿನಗಳಲ್ಲಿ ನಿಲ್ಲದಿದ್ದರೆ ಕಿವಿ ವೈದ್ಯರನ್ನು ಕಾಣಿ; ಹಠಾತ್ತನೆ ಕೇಳಿಸದಂತಾದರೆ ಅದೇ ದಿನ ಹೋಗಿ.

ಪ್ರಶ್ನೆ: ಸಂಗೀತ ತಗ್ಗಿಸಿ ಎಂದು ಕೇಳಲು ಸಂಕೋಚವಾಗುತ್ತದೆ. ಇತರರ ಸಂತೋಷಕ್ಕೆ ಅಡ್ಡಿಪಡಿಸಿದಂತಾಗುವುದಿಲ್ಲವೇ?

ಉತ್ತರ: ಕೇಳುವುದರಲ್ಲಿ ತಪ್ಪೇನಿಲ್ಲ. ನೀವು ಎರಡು ಗಂಟೆಗಳಲ್ಲಿ ಎದ್ದು ಹೋಗುತ್ತೀರಿ. ಬಡಿಸುವವರು ಅದೇ ಸದ್ದಿನಲ್ಲಿ ಇಡೀ ಪಾಳಿ ಕಳೆಯುತ್ತಾರೆ, ಮತ್ತು ಮೇಲೆ ಹೇಳಿದ 8 ಗಂಟೆಯ ಲೆಕ್ಕ ಮೊದಲು ಅನ್ವಯಿಸುವುದು ಅವರಿಗೆ. ಧ್ವನಿಯನ್ನು ತಗ್ಗಿಸುವ ಅಧಿಕಾರ ಅವರಿಗಿರುವುದಿಲ್ಲವಾದ್ದರಿಂದ ಅವರ ಮೇಲೆ ರೇಗದೆ, ವ್ಯವಸ್ಥಾಪಕರನ್ನು ಕರೆಸಿ, "ನಮ್ಮ ಜೊತೆಗಿರುವ ಹಿರಿಯರಿಗೆ ಮಾತು ಕೇಳಿಸುತ್ತಿಲ್ಲ, ಈ ಬದಿಯ ಧ್ವನಿವರ್ಧಕವನ್ನು ಸ್ವಲ್ಪ ತಗ್ಗಿಸಲು ಸಾಧ್ಯವೇ?" ಎಂದು ಕೇಳಿ. ಆಗಲೂ ಪ್ರಯೋಜನವಾಗದಿದ್ದರೆ ಗ್ರಾಹಕರ ಅಭಿಪ್ರಾಯದಲ್ಲಿ ಬರೆಯಿರಿ; ಬರೆಯುವಾಗ 'ತುಂಬಾ ಗಲಾಟೆ' ಎಂದಷ್ಟೇ ಬಿಡದೆ, ಯಾವ ವಾರ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಕುಳಿತಿದ್ದಿರಿ ಮತ್ತು ಕೇಳಿಕೊಂಡಾಗ ಏನು ಉತ್ತರ ಬಂತು ಎಂಬುದನ್ನು ನಮೂದಿಸಿ.