ನೌಕಾಪಡೆ ಮುಖ್ಯಸ್ಥರು ದಿಲ್ಲೀಲಿ ಕೂತು ಏನ್ ಮಾಡ್ತಾರೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಅಂಕೋಲಾದ ಓದುಗರು): ನೌಕಾಪಡೆ ಮುಖ್ಯಸ್ಥರು ಅಂದ್ರೆ ಯುದ್ಧ ಬಂದಾಗ ಹಡಗಿನ ಮೇಲೆ ನಿಂತು ಆರ್ಡರ್ ಕೊಡೋರು ಅಂತ ನನ್ನ ಮಗ ಅಂದ್ಕೊಂಡಿದ್ದಾನೆ. ಅವರ ಆಫೀಸ್ ದಿಲ್ಲೀಲಿ ಇದೆ ಅಂದ್ರೆ ನಂಬ್ತಾ ಇಲ್ಲ. ಅಲ್ಲಿ ಸಮುದ್ರಾನೇ ಇಲ್ವಲ್ಲ, ಏನ್ ಮಾಡ್ತಾರೆ ಅವರು?

ಉತ್ತರ: ಹಡಗುಗಳನ್ನ ದಿನಾ ನಡೆಸೋ ಜವಾಬ್ದಾರಿ ಕಮಾಂಡ್‌ಗಳದ್ದು. ನಮ್ಮಲ್ಲಿ ಮೂರು ಕಮಾಂಡ್ ಇವೆ, ಪಶ್ಚಿಮದ್ದು ಮುಂಬೈನಲ್ಲಿ, ಪೂರ್ವದ್ದು ವಿಶಾಖಪಟ್ಟಣದಲ್ಲಿ, ದಕ್ಷಿಣದ್ದು ಕೊಚ್ಚಿಯಲ್ಲಿ, ಮೂರಕ್ಕೂ ಒಬ್ಬೊಬ್ಬ ವೈಸ್ ಅಡ್ಮಿರಲ್ ಇರ್ತಾರೆ, ಅವರೆಲ್ಲ ರಿಪೋರ್ಟ್ ಮಾಡೋದು ದಿಲ್ಲಿಯಲ್ಲಿರೋ ಮುಖ್ಯಸ್ಥರಿಗೆ. ಯುದ್ಧ ಬಂದ್ರೆ ಪ್ಲಾನ್‌ಗೆ ಒಪ್ಪಿಗೆ ಕೊಡೋದು, ಸರ್ಕಾರದ ಹತ್ರ ಮಾತಾಡೋದು ಅವರೇ. ಆದ್ರೆ ನನ್ನ ಪ್ರಕಾರ ಅವರ ನಿಜವಾದ ಕೆಲಸ ಬೇರೆ, ಮುಂದಿನ ಇಪ್ಪತ್ತು ಮೂವತ್ತು ವರ್ಷಕ್ಕೆ ಎಂಥಾ ಹಡಗು ಬೇಕು, ಎಷ್ಟು ಸಬ್‌ಮರೀನ್ ಬೇಕು, ಎಲ್ಲಿ ಕಟ್ಟಿಸ್ಬೇಕು, ಅದಕ್ಕೆ ಜನ ಎಲ್ಲಿಂದ ಬರ್ಬೇಕು ಅಂತ ಇವತ್ತೇ ಕೂತು ತೀರ್ಮಾನ ಮಾಡಿ ಸರ್ಕಾರದಿಂದ ದುಡ್ಡು ತರೋದು.

ಒಂದು ಉದಾಹರಣೆ ಕೊಡ್ತೀನಿ, ಮಗನಿಗೂ ಹೇಳಿ. ಕೊಚ್ಚಿ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಈಗಿನ ವಿಮಾನವಾಹಕ ಹಡಗು ವಿಕ್ರಾಂತ್ ಇದೆಯಲ್ಲ, ಅದರ ಅಡಿಪಾಯ ಅಂದ್ರೆ ಕೀಲ್ ಹಾಕಿದ್ದು 2009ರ ಫೆಬ್ರವರಿಯಲ್ಲಿ, ಆಗ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಸುರೀಶ್ ಮೆಹ್ತಾ. ಹಡಗು ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ಕ್ಕೆ, ಅಷ್ಟೊತ್ತಿಗೆ ಆ ಕುರ್ಚಿಯಲ್ಲಿ ಕೂತವರು ಏಳನೆಯವರು, ಅಡ್ಮಿರಲ್ ಹರಿಕುಮಾರ್. ಒಬ್ಬರಿಗೆ ಸಿಗೋದು ಮೂರು ವರ್ಷ ಇಲ್ಲಾ 62 ವರ್ಷ ವಯಸ್ಸು, ಯಾವುದು ಮೊದಲು ಬರುತ್ತೋ ಅಲ್ಲಿಗೆ ಮುಗೀತು. ಅಂದ್ರೆ ತಾವು ಶುರು ಮಾಡಿದ್ದು ಮುಗಿಯೋದನ್ನ ಆ ಸ್ಥಾನದಲ್ಲಿ ಇದ್ದು ನೋಡೋ ಭಾಗ್ಯ ಇವರಲ್ಲಿ ಬಹಳ ಕಡಿಮೆ ಜನಕ್ಕೆ ಸಿಗುತ್ತೆ. ಅದಕ್ಕೇ ಈ ಹುದ್ದೆ ಬಗ್ಗೆ ನನಗೆ ಅಷ್ಟು ಗೌರವ.

ಪ್ರಶ್ನೆ (ಮೈಸೂರಿನ ಕಾಲೇಜು ವಿದ್ಯಾರ್ಥಿನಿ): ಸೇನೆಗೆ ನಮ್ಮ ಕಾರಿಯಪ್ಪನವರು 1949ರಲ್ಲೇ ಮುಖ್ಯಸ್ಥರಾದ್ರು. ನೌಕಾಪಡೆಗೆ ಭಾರತೀಯರು ಬರೋಕೆ 1958 ಆಯ್ತು ಅಂತ ಓದಿದೆ. ಯಾಕಷ್ಟು ತಡ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ರಿ. ವಾಯುಪಡೆಗೂ 1954ರಲ್ಲೇ ಸುಬ್ರತೋ ಮುಖರ್ಜಿ ಬಂದಿದ್ರು, ನೌಕಾಪಡೇನೇ ಕೊನೆ. ಕಾರಣ ಅನುಭವದ್ದು. ಬ್ರಿಟಿಷರು ನೌಕಾಪಡೇಲಿ ಭಾರತೀಯರನ್ನ ಅಧಿಕಾರಿಗಳಾಗಿ ತಗೊಳ್ಳೋಕೆ ಶುರು ಮಾಡಿದ್ದೇ ತಡವಾಗಿ, ಹಾಗಾಗಿ 1947ರಲ್ಲಿ ನಮ್ಮವರಲ್ಲಿ ದೊಡ್ಡ ಯುದ್ಧನೌಕೆಗಳ ಗುಂಪನ್ನ ನಡೆಸಿದವರು ಯಾರೂ ಇರಲಿಲ್ಲ, ಸೀನಿಯರ್ ಅನ್ನಿಸ್ಕೊಂಡವರೂ ಇನ್ನೂ ಕೆಳಗಿನ ರ್‍ಯಾಂಕ್‌ನಲ್ಲೇ ಇದ್ರು. ಅದಕ್ಕೆ ನಾಲ್ಕು ಜನ ಬ್ರಿಟಿಷರು ಒಬ್ಬರಾದ ಮೇಲೆ ಒಬ್ಬರು ಬಂದ್ರು, ಹಾಲ್, ಪ್ಯಾರಿ, ಪಿಜಿ, ಕಾರ್ಲಿಲ್.

ಇದರಲ್ಲಿ ಪ್ಯಾರಿ ಅವರ ಕಥೆ ನನಗೆ ತುಂಬಾ ಇಷ್ಟ. 1939ರಲ್ಲಿ ದಕ್ಷಿಣ ಅಮೆರಿಕದ ಹತ್ತಿರ ಜರ್ಮನಿಯ ಗ್ರಾಫ್ ಸ್ಪೀ ಅನ್ನೋ ಯುದ್ಧನೌಕೆ ಜೊತೆ ಕಾದಾಡಿದ ಹಡಗುಗಳಲ್ಲಿ ಅಕಿಲೀಸ್ ಅಂತ ಒಂದಿತ್ತು, ಅದರ ಕ್ಯಾಪ್ಟನ್ ಇದೇ ಪ್ಯಾರಿ. 1948ರಲ್ಲಿ ಭಾರತ ಆ ಹಡಗನ್ನೇ ಕೊಂಡು ದೆಹಲಿ ಅಂತ ಹೆಸರಿಟ್ಟಿತು, ಅದೇ ವರ್ಷ ಪ್ಯಾರಿ ನಮ್ಮ ನೌಕಾಪಡೆಯ ಮುಖ್ಯಸ್ಥರಾಗಿ ಬಂದ್ರು. ತನ್ನ ಹಳೇ ಹಡಗು ಇನ್ನೊಂದು ದೇಶದ ಬಾವುಟ ಹಾಕ್ಕೊಂಡು ತನ್ನ ಕೈಕೆಳಗೇ ಬರೋದು ಎಷ್ಟು ಜನ ನಾವಿಕರಿಗೆ ಸಿಕ್ಕಿರುತ್ತೆ ಹೇಳಿ.

1955ರವರೆಗೆ ಈ ಹುದ್ದೆಗೆ ಕಮಾಂಡರ್ ಇನ್ ಚೀಫ್ ಅಂತಿತ್ತು, ಆ ವರ್ಷ ಕಾನೂನು ತಂದು ಚೀಫ್ ಆಫ್ ದಿ ನೇವಲ್ ಸ್ಟಾಫ್ ಅಂತ ಮಾಡಿದ್ರು, ಮೂರೂ ಪಡೆಗೆ ಸರ್ವೋಚ್ಚ ದಂಡನಾಯಕರು ರಾಷ್ಟ್ರಪತಿಗಳೇ. ಆಮೇಲೆ 1958ರ ಏಪ್ರಿಲ್ 22ಕ್ಕೆ ರಾಮದಾಸ್ ಕಟಾರಿ ಬಂದ್ರು, ಮೊದಲ ಭಾರತೀಯ. ಮುಂಬೈನಲ್ಲಿ ನಿಂತಿರ್ತಿದ್ದ ಡಫರಿನ್ ಅನ್ನೋ ತರಬೇತಿ ಹಡಗಿನ ಮೊದಲ ಬ್ಯಾಚ್‌ನಲ್ಲಿ ಕಲಿತವರು. 1961ರಲ್ಲಿ ಗೋವಾ ಬಿಡಿಸಿದಾಗ, ನಮ್ಮ ಕಾರವಾರದ ಎದುರಿಗಿರೋ ಅಂಜುದೀವ್ ದ್ವೀಪದಲ್ಲಿ ನೌಕಾಪಡೆಯವರು ಇಳಿದು ಪೋರ್ಚುಗೀಸರನ್ನ ಎದುರಿಸಿದಾಗ ಮುಖ್ಯಸ್ಥರಾಗಿದ್ದವರು ಅವರೇ, ಆ ಕಾರ್ಯಾಚರಣೆಯಲ್ಲಿದ್ದ ಹಡಗುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು. ನಿಮ್ಮ ಊರಿನ ಹೆಸರು ಅಲ್ಲೂ ಇತ್ತು ನೋಡಿ.

ಪ್ರಶ್ನೆ (ಹುಬ್ಬಳ್ಳಿಯ ನಿವೃತ್ತ ಶಿಕ್ಷಕರು): 1971ರ ಕರಾಚಿ ದಾಳಿಯಲ್ಲಿ ಮುಖ್ಯಸ್ಥರ ಪಾತ್ರ ಏನು? ಹೋರಾಡಿದವರು ಬೇರೆ, ಹೆಸರು ಮಾತ್ರ ಅವರಿಗೆ ಅಂತ ಗೆಳೆಯರೊಬ್ಬರು ವಾದ ಮಾಡ್ತಾರೆ.

ಉತ್ತರ: ಸರ್, ನಿಮ್ಮ ಗೆಳೆಯರ ಮಾತನ್ನ ನಾನು ಒಪ್ಪಲ್ಲ. ಇದು ಅರ್ಥ ಆಗ್ಬೇಕಾದ್ರೆ 1965ಕ್ಕೆ ಹೋಗ್ಬೇಕು. ಆಗ ವೈಸ್ ಅಡ್ಮಿರಲ್ ಸೋಮನ್ ಮುಖ್ಯಸ್ಥರಾಗಿದ್ರು, ಪಾಕಿಸ್ತಾನದ ಹಡಗುಗಳು ಬಂದು ದ್ವಾರಕೆ ಮೇಲೆ ಗುಂಡು ಹಾರಿಸಿ ಹೋದ್ವು, ಆದ್ರೆ ಪೋರಬಂದರಿನಿಂದ ಉತ್ತರಕ್ಕೆ ಹೋಗ್ಬೇಡಿ ಅಂತ ಸರ್ಕಾರ ನೌಕಾಪಡೆಗೆ ಹೇಳಿತ್ತು. ಆ ನೋವು ಪಡೆಯೊಳಗೆ ಎಲ್ಲರಿಗೂ ಇತ್ತು. 1970ರಲ್ಲಿ ಬಂದ ಅಡ್ಮಿರಲ್ ನಂದಾ ಬೆಳೆದಿದ್ದೇ ಕರಾಚಿಯ ಮನೋರಾದಲ್ಲಿ, ಆ ಬಂದರಿನ ಮೂಲೆಮೂಲೆ ಗೊತ್ತಿದ್ದವರು. ಯುದ್ಧ ಬರೋ ಲಕ್ಷಣ ಕಂಡಾಗ ಅವರು ನೇರವಾಗಿ ಇಂದಿರಾ ಗಾಂಧಿಯವರ ಹತ್ರ ಹೋಗಿ, ಕರಾಚಿ ಮೇಲೆ ದಾಳಿ ಮಾಡಿದ್ರೆ ಸರ್ಕಾರಕ್ಕೆ ರಾಜಕೀಯವಾಗಿ ಅಡ್ಡಿ ಇದೆಯಾ ಅಂತ ಕೇಳಿದ್ರು. ಯುದ್ಧ ಅಂದ ಮೇಲೆ ಯುದ್ಧವೇ ಅನ್ನೋ ಅರ್ಥದ ಉತ್ತರ ಬಂತು ಅಂತ ಅವರೇ ಬರೆದಿದ್ದಾರೆ.

ಆ ಒಂದು ಪ್ರಶ್ನೆ ಕೇಳೋಕೆ ಆಗಿದ್ದು ಮುಖ್ಯಸ್ಥರಿಗೆ ಮಾತ್ರ, ಹಡಗಿನ ಕ್ಯಾಪ್ಟನ್ ಕೇಳೋಕಾಗಲ್ಲ. ಇನ್ನು ಸೋವಿಯತ್‌ನಿಂದ ತಂದ ಮಿಸೈಲ್ ಬೋಟ್‌ಗಳು ಇದ್ದಿದ್ದು ನಮ್ಮ ಬಂದರು ಕಾಯೋಕೆ, ಜಾಸ್ತಿ ದೂರ ಹೋಗೋ ಶಕ್ತಿ ಅವುಗಳಿಗಿಲ್ಲ, ಅವನ್ನ ದೊಡ್ಡ ಹಡಗುಗಳಿಂದ ಎಳ್ಕೊಂಡು ಹೋಗಿ ದಾಳಿಗೆ ಬಳಸಬಹುದು ಅಂತ ತಯಾರಿ ಮಾಡಿದ್ರು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಮೂರೂ ಹೋಗಿ ಪಾಕಿಸ್ತಾನದ ಖೈಬರ್ ಮತ್ತೆ ಮುಹಾಫಿಜ್ ಹಡಗುಗಳನ್ನ ಮುಳುಗಿಸಿ ನಮ್ಮ ಕಡೆ ಒಬ್ಬರನ್ನೂ ಕಳ್ಕೊಳ್ಳದೆ ವಾಪಸ್ ಬಂದ್ವು, ಅದಕ್ಕೇ ಆ ದಿನ ನೌಕಾಪಡೆ ದಿನ. ಐದು ದಿನ ಆದ ಮೇಲೆ ಐಎನ್‌ಎಸ್ ಖುಕ್ರಿ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದ್ರು, ಕ್ಯಾಪ್ಟನ್ ಮುಲ್ಲಾ ಹಡಗಿನ ಜೊತೆಗೇ ಹೋದ್ರು. ಗೆಲುವಿನ ಲೆಕ್ಕ ಹೇಳುವಾಗ ಇದನ್ನ ಬಿಡಬಾರದು, ಯಾಕಂದ್ರೆ ಒಪ್ಪಿಗೆ ಕೊಟ್ಟವರು ಎರಡನ್ನೂ ಹೊರಬೇಕು.

ಪ್ರಶ್ನೆ (ಬೆಂಗಳೂರು, ರಾಜಾಜಿನಗರ): ಮುಖ್ಯಸ್ಥರು ರಾಜೀನಾಮೆ ಕೊಟ್ಟಿದ್ದು, ಅಥವಾ ಅವರನ್ನ ತೆಗೆದಿದ್ದು ಇದೆಯಾ?

ಉತ್ತರ: ಎರಡೂ ಇದೆ. 1998ರ ಡಿಸೆಂಬರ್ 30ಕ್ಕೆ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನ ಸರ್ಕಾರ ವಜಾ ಮಾಡ್ತು, ಉಪಮುಖ್ಯಸ್ಥರ ನೇಮಕದ ವಿಷಯದಲ್ಲಿ ಶುರುವಾದ ಜಗಳ ಅಲ್ಲಿಗೆ ಹೋಯ್ತು.

2014ರದ್ದು ಬೇರೆ ತರ. ಅದರ ಹಿಂದಿನ ಆಗಸ್ಟ್‌ನಲ್ಲಿ ಮುಂಬೈನಲ್ಲಿ ಸಿಂಧುರಕ್ಷಕ್ ಸಬ್‌ಮರೀನ್ ಸ್ಫೋಟ ಆಗಿ 18 ಜನ ಸತ್ತಿದ್ರು, ಫೆಬ್ರವರಿ 26ಕ್ಕೆ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಹೋದ್ರು, ಅದೇ ದಿನ ಅಡ್ಮಿರಲ್ ಜೋಶಿ ನೈತಿಕ ಹೊಣೆ ನನ್ನದು ಅಂತ ರಾಜೀನಾಮೆ ಕೊಟ್ರು. ಅವರು ಸ್ವತಃ ಸಬ್‌ಮರೀನ್ ವಿರೋಧಿ ಯುದ್ಧದಲ್ಲಿ ಪರಿಣತರು, ಆ ಹಡಗಿನ ಒಳಗೆ ಅವರು ಇರಲಿಲ್ಲ, ಆದ್ರೂ ಹೋದ್ರು. ನಮ್ಮ ಸಾರ್ವಜನಿಕ ಜೀವನದಲ್ಲಿ ಇಂಥದ್ದು ತೀರಾ ಅಪರೂಪ, ನನಗೆ ಅವರ ಮೇಲೆ ಗೌರವ ಹೆಚ್ಚಾಯ್ತು. ಆದ್ರೆ ಒಬ್ಬರು ಹೋದ್ರೆ ಹಳೇ ಸಬ್‌ಮರೀನ್‌ಗಳು ಹೊಸದಾಗಲ್ಲ, ಹೊಸದಕ್ಕೆ ಒಪ್ಪಿಗೆ ಕೊಡಬೇಕಾದವರು ಕೂಡ ತಮ್ಮ ಪಾಲು ಹೊರಬೇಕಿತ್ತು ಅಂತಾನೂ ಹೇಳ್ತೀನಿ.

ಪ್ರಶ್ನೆ (ಕಾರವಾರ): ನಮ್ಮೂರ ಸೀಬರ್ಡ್ ನೌಕಾನೆಲೆ ಯಾರ ಯೋಚನೆ?

ಉತ್ತರ: 1982ರಿಂದ 84ರವರೆಗೆ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಅವರದ್ದು. ಮುಂಬೈ ಬಂದರಿನಲ್ಲಿ ವ್ಯಾಪಾರದ ಹಡಗುಗಳೂ ಯುದ್ಧನೌಕೆಗಳೂ ಒತ್ತೊತ್ತಾಗಿ ಸೇರ್ಕೊಂಡಿದ್ವು, ಪಶ್ಚಿಮ ಕರಾವಳೀಲಿ ನೌಕಾಪಡೆಗೇ ಅಂತ ಒಂದು ಜಾಗ ಬೇಕಿತ್ತು, ಇಲ್ಲಿ ಆಳ ಇದೆ, ಹಿಂದೆ ಗುಡ್ಡ ಇದೆ, ಎದುರಿಗೆ ಅಂಜುದೀವ್ ಇದೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ರು, ಐಎನ್‌ಎಸ್ ಕದಂಬ ಅನ್ನೋ ಹೆಸರಲ್ಲಿ ನೆಲೆ ಶುರುವಾಗಿದ್ದು 2005ರ ಮೇ 31ಕ್ಕೆ. ಡಾಸನ್ ನಿವೃತ್ತರಾಗಿ ಆಗಲೇ ಎರಡು ದಶಕ ಆಗಿತ್ತು. ಅವರು ತೀರಿಕೊಂಡಿದ್ದು 2011ರಲ್ಲಿ ಬೆಂಗಳೂರಲ್ಲೇ, ಅಂದ್ರೆ ನೆಲೆ ಎದ್ದಿದ್ದನ್ನ ಕಂಡು ಹೋದ್ರು, ಅದು ಸಂತೋಷದ ವಿಷಯ. ನೆಲ ಬಿಟ್ಟುಕೊಟ್ಟ ಮೀನುಗಾರರು, ರೈತರು ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದ್ರು, ಅದು ನಿಮಗೇ ಚೆನ್ನಾಗಿ ಗೊತ್ತು. ದೇಶ ಕಾಯೋ ನೆಲೆಗೆ ಜಾಗ ಕೊಟ್ಟವರನ್ನ ಅಷ್ಟು ಕಾಯಿಸಬಾರದಿತ್ತು.

ಪ್ರಶ್ನೆ (ಮಡಿಕೇರಿ): ಫೀಲ್ಡ್ ಮಾರ್ಷಲ್ ತರದ ಪದವಿ ನೌಕಾಪಡೇಲಿ ಯಾರಿಗಾದ್ರೂ ಸಿಕ್ಕಿದೆಯಾ?

ಉತ್ತರ: ಇಲ್ಲ. ಮಾಣೆಕ್‌ಶಾ, ನಿಮ್ಮ ಕಾರಿಯಪ್ಪ, ವಾಯುಪಡೆಯ ಅರ್ಜನ್ ಸಿಂಗ್, ಮೂರೇ ಜನ. ಅದಕ್ಕೆ ಸಮನಾದ ಅಡ್ಮಿರಲ್ ಆಫ್ ದಿ ಫ್ಲೀಟ್ ಇಲ್ಲಿವರೆಗೆ ನಮ್ಮಲ್ಲಿ ಯಾರಿಗೂ ಕೊಟ್ಟಿಲ್ಲ. ನಂದಾ ಅವರಿಗೆ ಪದ್ಮವಿಭೂಷಣ ಬಂತು, 2009ರಲ್ಲಿ ತೀರಿಕೊಂಡ್ರು, ಅವರು ಬದುಕಿದ್ದಾಗಲೇ ಈ ಪದವಿ ಕೊಡಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.