ಅದು ಟಯರ್ ಅಲ್ಲ ಅಣ್ಣ, ಶಾಫ್ಟ್ ನೋಡಿಸಿ

ಗೌರಿಬಿದನೂರಿನ ಅಣ್ಣ, ದಯವಿಟ್ಟು ಇನ್ನೊಂದು ಸಲ ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡಬೇಡಿ. ನೀವು ಇಲ್ಲಿ ಬರೆದು ಕೇಳಿದ್ದು ಇಷ್ಟು: ಹಳೇ ಫೋರ್ ವೀಲ್ ಡ್ರೈವ್ ಪಿಕಪ್, ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಎರಡು ಬ್ಲೇಡ್ ಜಾಸ್ತಿ, ಪಟ್ಟಿಯ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಉದ್ದನೆಯದು, ಗುಜರಿಯಿಂದ ತಂದ ಐದು ಗೇರಿನ ಬಾಕ್ಸ್. ಆಮೇಲೆ 60 ದಾಟಿದರೆ ಸೀಟಿನ ಕೆಳಗೆ ನಡುಕ. ನನ್ನ ಗಾಡಿಯ ಕತೆಯನ್ನೇ ಬರೆದಿದ್ದೀರಿ. ಎಲ್ಲಾ ಒಂದೇ ವಾರದಲ್ಲಿ ಮಾಡಿಸಿ, ಈಗ ಯಾವುದರಿಂದ ಬಂತು ಅಂದರೆ ಹೇಗೆ ಹೇಳೋದು? ನಾನೂ ಹೀಗೇ ಮಾಡಿದವನು, ಅದಕ್ಕೇ ಬೈತಾ ಇದ್ದೀನಿ.

ನಡುಕ ಬರುವ ಸ್ಪೀಡಿನಲ್ಲಿ ಆಕ್ಸಿಲರೇಟರ್ ಬಿಡಿ, ಮತ್ತೆ ಒತ್ತಿ. ನಡುಕ ಬದಲಾಯಿತಾ? ಹಾಗಾದರೆ ಟಯರ್ ಅಲ್ಲ. ನೀವು ಒತ್ತಿದ್ದು ಬಿಟ್ಟದ್ದು ಟಯರಿಗೆ ಗೊತ್ತಾಗುವುದಿಲ್ಲ. ಖಾಲಿ ಗಾಡಿಯಲ್ಲಿ ಜಾಸ್ತಿ, ಲೋಡ್ ಹಾಕಿದರೆ ಕಡಿಮೆ ಅನ್ನುವುದಾದರೆ ಮೊದಲ ಅನುಮಾನ ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನದ ಮೇಲೆ.

ಉದ್ದ ಶ್ಯಾಕಲ್ ಹಾಕಿದರೆ ಗಾಡಿ ಎದ್ದದ್ದು ಮಾತ್ರ ಕಣ್ಣಿಗೆ ಕಾಣುತ್ತದೆ. ಪಟ್ಟಿಯ ಹಿಂದಿನ ತುದಿ ಕೆಳಗಿಳಿದು ಹಿಂದಿನ ಆಕ್ಸಲ್‌ನ ಹೌಸಿಂಗ್ ತಿರುಗಿದ್ದು ಕಾಣುವುದಿಲ್ಲ. ಶಾಫ್ಟ್ ಬಂದು ಹೌಸಿಂಗ್‌ಗೆ ಸೇರುವ ಪಿನಿಯನ್ ಮೂತಿ ಮೇಲಕ್ಕೆ ಎದ್ದಿರುತ್ತದೆ, ಗೇರ್‌ಬಾಕ್ಸ್ ಕಡೆ ಇದ್ದ ಹಾಗೇ ಇರುತ್ತದೆ. ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಅನ್ನುವ ಕೀಲು ಇರುತ್ತದೆ. ತಿರುಗುವಾಗ ಒಂದು ಕ್ರಾಸ್ ಎಬ್ಬಿಸುವ ವೇಗದ ಏರಿಳಿತವನ್ನು ಇನ್ನೊಂದು ಕ್ರಾಸ್ ಕಳೆಯಬೇಕು. ಎರಡೂ ಕಡೆ ಕೋನ ಸಮ ಇಲ್ಲದಿದ್ದರೆ ಕಳೆಯುವುದಿಲ್ಲ.

ನಾನು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಎರಡು ಸಲ ಕ್ರಾಸ್ ಬದಲಾಯಿಸಿದೆ. ಒಂದು ಬೆಳಗಿನ ಜಾವ ಚಿಂತಾಮಣಿ ಕಡೆಯಿಂದ ಕೋಲಾರ ಮಂಡಿಗೆ ಟೊಮೆಟೊ ಹಾಕಿಕೊಂಡು ಹೊರಟೆ. 60 ಕ್ರೇಟ್, ಕ್ರೇಟಿಗೆ 15 ಕೆಜಿ, ಅಂದರೆ 900 ಕೆಜಿ. ಲೋಡ್ ಇದ್ದದ್ದಕ್ಕೆ ನಡುಕ ಇರಲಿಲ್ಲ. ಸರಿಹೋಯಿತು ಅಂತ ಖುಷಿಯಲ್ಲಿ ಹಾಡು ಹಾಕಿಕೊಂಡೆ. ಅರ್ಧ ದಾರಿಯಲ್ಲಿ ಹಿಂದಿನ ಕ್ರಾಸ್ ಕಟ್! ಶಾಫ್ಟ್ ರೋಡಿಗೆ ಬಡಿದ ಸದ್ದಿಗೆ ಎದೆ ಒಡೆದುಹೋಯಿತು. ಟಾರ್ಚ್ ಹಿಡಿದು ಶಾಫ್ಟ್ ಬಿಚ್ಚಿ ಹಿಂದೆ ಹಾಕಿ, ಫೋರ್ ಹೈಗೆ, ಅಂದರೆ ಮುಂದಿನ ಚಕ್ರಕ್ಕೂ ಬಲ ಕೊಡುವ ಗೇರಿಗೆ ಎಳೆದು, ಮುಂದಿನ ಚಕ್ರಗಳ ಬಲದಲ್ಲೇ ತೆವಳಿಕೊಂಡು ಹೋದೆ. ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಬಂದ ರೇಟು ಕೇಳಬೇಡಿ. (ಈ ಉಪಾಯ ಟ್ರಾನ್ಸ್‌ಫರ್ ಕೇಸ್ ಕಡೆ, ಅಂದರೆ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆ ಕಡೆ, ಶಾಫ್ಟ್ ಫ್ಲ್ಯಾಂಜ್ ಅನ್ನುವ ತಟ್ಟೆಗೆ ಬೋಲ್ಟ್ ಆಗಿದ್ದರೆ ಮಾತ್ರ. ಶಾಫ್ಟ್ ನೇರ ಒಳಗೆ ತೂರುವ ಗಾಡಿಯಲ್ಲಿ ಬಿಚ್ಚಿದರೆ ಆಯಿಲ್ ಎಲ್ಲಾ ರೋಡಿಗೆ.)

ಈಗ ನೀವು ಮಾಡಬೇಕಾದ್ದು. ಮಟ್ಟದ ನೆಲದಲ್ಲಿ ಚಕ್ರ ಊರಿ ನಿಲ್ಲಿಸಿ, ಜಾಕಿ ಮೇಲೆ ಬೇಡ. ಫೋನಿನ ಲೆವೆಲ್ ಆ್ಯಪ್ ಇಟ್ಟು ಶಾಫ್ಟ್ ಸೇರುವ ಎರಡೂ ಕಡೆಯ ಫ್ಲ್ಯಾಂಜಿನ ಕೋನ ಅಳೆಯಿರಿ. ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು. ಪಿನಿಯನ್ 1 ಡಿಗ್ರಿ ಕೆಳಗಿದ್ದರೆ ಇನ್ನೂ ಒಳ್ಳೆಯದು, ಏರು ಹತ್ತುವಾಗ ಅದು ತಾನೇ ಮೂತಿ ಎತ್ತುತ್ತದೆ. ಮೇಲಿದ್ದರೆ ಪಟ್ಟಿಗೂ ಹೌಸಿಂಗ್‌ಗೂ ನಡುವೆ ವೆಡ್ಜ್, ಅಂದರೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇರುವ ಬೆಣೆ ಹಾಕಿ. ಪಟ್ಟಿ ಹೌಸಿಂಗ್ ಮೇಲಿರುವ ಗಾಡಿಯಲ್ಲಿ ದಪ್ಪ ಕಡೆ ಮುಂದಕ್ಕೆ ಬಂದರೆ ಮೂತಿ ಇಳಿಯುತ್ತದೆ. ಕಬ್ಬಿಣದ್ದೇ ಹಾಕಿ, ಅಲ್ಯೂಮಿನಿಯಂ ಲೋಡಿಗೆ ನುಗ್ಗಾಗುತ್ತದೆ. ಬ್ಲೇಡುಗಳನ್ನು ಸೇರಿಸುವ ಸೆಂಟರ್ ಬೋಲ್ಟ್ ಉದ್ದದ್ದು ಬೇಕು, ಪಟ್ಟಿಯನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಹೊಸದೇ ಬೇಕು. 500 ಕಿ.ಮೀ. ಓಡಿಸಿ ಮತ್ತೆ ಟೈಟ್ ಮಾಡಿ. ನಡುವೆ ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟಾದರೆ ಲೆಕ್ಕ ಬೇರೆ, ಫೋಟೊ ಹಾಕಿ ನೋಡೋಣ.

ನನ್ನನ್ನು ಕೇಳಿದರೆ ಆ ಶ್ಯಾಕಲ್ ಬಿಚ್ಚಿ ಬಿಸಾಕಿ. ನಾನು ಕೊನೆಗೆ ಹಳೇ ಶ್ಯಾಕಲ್‌ಗೇ ಬಂದು, ಹೊಸ ಪಟ್ಟಿ ಸೆಟ್ ಹಾಕಿ, ಲೋಡ್ ಬಿದ್ದಾಗ ಮಾತ್ರ ತಾಗುವ ಹಾಗೆ ಒಂದು ಹೆಲ್ಪರ್ ಬ್ಲೇಡ್ ಕೊಟ್ಟೆ. ಅದಕ್ಕೆ ಮುಂಚೆ ಹಳೇ ಪಟ್ಟಿಯನ್ನೇ ಬಡಿಸಿ ಕಮಾನು ಎತ್ತಿಸಿದ್ದೆ, ಆರು ತಿಂಗಳಿಗೆ ಮತ್ತೆ ಕೂತಿತು. ಪಟ್ಟಿ ತುದಿಯ ರಬ್ಬರ್ ಬುಷ್ ಬೋಲ್ಟನ್ನು ಗಾಡಿ ನೆಲಕ್ಕೆ ಇಳಿಸಿದ ಮೇಲೇ ಬಿಗಿ ಮಾಡಿಸಿ. ಜಾಕಿ ಮೇಲೆ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇದನ್ನು ಯಾರೂ ಹೇಳುವುದಿಲ್ಲ: ಹೌಸಿಂಗ್‌ನಿಂದ ಚಾಸಿಗೆ ಕಡ್ಡಿ ಹೋಗಿ ಬ್ರೇಕ್ ವಾಲ್ವ್‌ಗೆ ಸೇರಿದೆಯಾ ನೋಡಿ. ಹಿಂದೆ ಎತ್ತಿದರೆ ಆ ವಾಲ್ವ್ ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಲೋಡ್ ಹಾಕಿ ಘಾಟಿ ಇಳಿಯುವವರಿಗೆ ಇದು ತಮಾಷೆ ಅಲ್ಲ. ಕಡ್ಡಿ ಸೆಟ್ಟಿಂಗ್ ಮಾಡಿಸಿ.

ಗೇರ್‌ಬಾಕ್ಸಿಗೆ ಬರುತ್ತೇನೆ. ಉದ್ದ ಬೇರೆ ಇದ್ದುದರಿಂದ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡಿಸಿದ್ದೀರಿ ಅಲ್ವಾ? ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಗೆರೆಯಲ್ಲಿ ಇವೆಯಾ ನೋಡಿ. ವೆಲ್ಡ್ ಆದ ಶಾಫ್ಟಿಗೆ ಬ್ಯಾಲೆನ್ಸಿಂಗ್ ಮಾಡಿಸದೆ ಹಾಕಿದರೆ ಕೋನ ಸರಿ ಇದ್ದರೂ ನಡುಗುತ್ತದೆ. ಶಾಫ್ಟ್ ಉದ್ದ ಹೆಚ್ಚು ಕಡಿಮೆ ಆಗಲು ಇರುವ ಸ್ಲಿಪ್ ಜಾಯಿಂಟ್ ಬಿಚ್ಚುವ ಮುಂಚೆ ಪೇಂಟಿನಲ್ಲಿ ಗುರುತು ಹಾಕಿ. ಮುಂದಿನ ಶಾಫ್ಟ್ ಉದ್ದವನ್ನೂ ಮರೆಯಬೇಡಿ. ಬಾಕ್ಸ್ ಇಳಿಸಿದ್ದಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲ್ ಒಳಗಿನ ಪೈಲಟ್ ಬೇರಿಂಗ್ ಹಾಕಿಸದಿದ್ದರೆ, ಇನ್ನೊಂದು ಸಲ ಇಳಿಸುವ ಕೂಲಿ ಎತ್ತಿಟ್ಟುಕೊಳ್ಳಿ. ಬೇರಿಂಗ್ ಯಾವ ಕಂಪನಿಯದಾದರೂ ಬಿಲ್ ಕೇಳಿ ತಗೊಳ್ಳಿ, ಕಲಾಸಿಪಾಳ್ಯಕ್ಕೇ ಹೋದರೂ ಡೂಪ್ಲಿಕೇಟ್ ಬಗ್ಗೆ ಎಚ್ಚರ.

ಗೇರ್ ಆಯಿಲ್‌ನಲ್ಲಿ ಬ್ರ್ಯಾಂಡ್ ಜಗಳ ಬೇಡ, ಡಬ್ಬದ ಮೇಲಿನ ಅಕ್ಷರ ಓದಿ. ಗೇರ್ ಸರಾಗ ಬೀಳಿಸುವ ಸಿಂಕ್ರೋ ರಿಂಗ್ ಹಿತ್ತಾಳೆಯದಾದರೆ ಆ ಬಾಕ್ಸಿಗೆ ಜಿಎಲ್ 4 ದರ್ಜೆಯ ಆಯಿಲ್. ಹಿಂದಿನ ಹೌಸಿಂಗ್ ಒಳಗಿನ ಕ್ರೌನಿಗೆ ಹಾಕುವ ಜಿಎಲ್ 5 ಅನ್ನೇ ಸುರಿದರೆ ಸಿಂಕ್ರೋ ಜಾರಿ ಗೇರ್ ಕರ್ರೆನ್ನುತ್ತದೆ. ಆಸ್ಟ್ರೇಲಿಯಾ ಶಾಕ್ ಅಬ್ಸಾರ್ಬರ್ ಕೇಳಿದ್ದಿರಿ. ಟೊಮೆಟೊಗೆ, ಹುಲ್ಲಿಗೆ ಅದು ಶೋಕಿ. ನಮ್ಮ ಗ್ಯಾಬ್ರಿಯಲ್ ಕಂಪನಿಯದೇ ಸಾಕು, ಉದ್ದ ಮಾತ್ರ ಸರಿ ಇರಬೇಕು. ಎತ್ತಿದ ಗಾಡಿಗೆ ಹಳೇ ಉದ್ದದ್ದೇ ಹಾಕಿದರೆ ಗುಂಡಿಯಲ್ಲಿ ಅದೇ ಸರಪಳಿಯ ಹಾಗೆ ಎಳೆದು ಕಿತ್ತುಕೊಳ್ಳುತ್ತದೆ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ಹತ್ತಿರ ಇದ್ದರೆ ಈ ಬದಲಾವಣೆಗಳ ಬಗ್ಗೆ ಮೊದಲೇ ಆರ್‌ಟಿಒದಲ್ಲಿ ಕೇಳಿ. ಇನ್ಶೂರೆನ್ಸ್‌ನವರು ಆಮೇಲೆ ಅದನ್ನೇ ನೆಪ ಮಾಡುತ್ತಾರೆ.

ಅಳತೆ ಇಲ್ಲೇ ಹಾಕಿ. 2 ಡಿಗ್ರಿ ವೆಡ್ಜ್ ಒಂದು ಜೊತೆ ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಚಿಂತಾಮಣಿ ಕಡೆ ಬಂದರೆ ತಗೊಂಡು ಹೋಗಿ.