ಮೀಟರ್ ಹೇಳಿದ್ದೆಲ್ಲ ನಿಜವೇ?

ಈ ಸಲದ ಅಂಚೆಯಲ್ಲಿ ಗಣಿತ, ಮಿದುಳಿನ ಕಾಯಿಲೆ, ಬ್ಯಾಟರಿ ಮೂರೂ ಬಂದಿವೆ. ವಿಷಯ ಬೇರೆಯಾದರೂ ಹೆಚ್ಚಿನ ಪತ್ರಗಳ ತೊಡಕು ಒಂದೇ: ಅಳತೆಗೆ ಸಿಗುವ ಸಂಖ್ಯೆಯನ್ನೇ ಉತ್ತರವೆಂದು ನಂಬಿಬಿಡುವುದು. ಆಯಾ ವಿಷಯ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಗಾಸ್-ಸೈಡಲ್ ವಿಧಾನಕ್ಕೆ (ಒಂದು ಊಹೆಯಿಂದ ಶುರು ಮಾಡಿ, ಸುತ್ತು ಸುತ್ತಾಗಿ ತಿದ್ದುತ್ತಾ ಸಮೀಕರಣ ಬಿಡಿಸುವುದು) ಪ್ರೋಗ್ರಾಂ ಬರೆದಿದ್ದೇನೆ. ಕೆಲವು ಸಮೀಕರಣಗಳಿಗೆ ಉತ್ತರ ಲಕ್ಷ, ಕೋಟಿ ಎಂದು ಹಿಗ್ಗುತ್ತಾ ಹೋಗುತ್ತದೆ. ಇನ್ನು ಕೆಲವಕ್ಕೆ ಎರಡೇ ಸುತ್ತಿನಲ್ಲಿ ನಿಂತು ತಪ್ಪು ಉತ್ತರ ಕೊಡುತ್ತದೆ. ಕೋಡ್‌ನಲ್ಲಿ ತಪ್ಪು ಕಾಣುತ್ತಿಲ್ಲ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಕೋಡ್ ಸರಿಯೇ ಇರಬಹುದು. ನೀವು ಹೇಳಿದವು ಎರಡು ಬೇರೆ ಬೇರೆ ರೋಗ. ಮೊದಲನೆಯದು ಸುಲಭ. ಕ್ಷ + 5ಯ = 7, 4ಕ್ಷ + ಯ = 9 ಎಂಬ ಜೋಡಿ ತೆಗೆದುಕೊಳ್ಳಿ; ಉತ್ತರ ಕ್ಷ = 2, ಯ = 1. ಬರೆದ ಕ್ರಮದಲ್ಲೇ ಮೊದಲನೆಯದರಿಂದ ಕ್ಷ, ಎರಡನೆಯದರಿಂದ ಯ ಬಿಡಿಸುತ್ತಾ, ಸೊನ್ನೆಯಿಂದ ಶುರು ಮಾಡಿದರೆ ಮೊದಲ ಸುತ್ತಿಗೆ 7 ಮತ್ತು −19, ಎರಡನೆಯದಕ್ಕೆ 102 ಮತ್ತು −399. ಪ್ರತಿ ಸುತ್ತಿಗೂ ದೋಷ 20 ಪಟ್ಟು. ಅದೇ ಎರಡು ಸಾಲುಗಳನ್ನು ಅದಲು ಬದಲು ಮಾಡಿ: 2.25 ಮತ್ತು 0.95, ಆಮೇಲೆ 2.0125 ಮತ್ತು 0.9975, ಮೂರನೆಯದಕ್ಕೆ 2.000625 ಮತ್ತು 0.999875. ಈಗ ದೋಷ ಪ್ರತಿ ಸುತ್ತಿಗೂ ಇಪ್ಪತ್ತನೆಯ ಒಂದು ಭಾಗವಾಗುತ್ತದೆ. ಪ್ರತಿ ಸಾಲಿನಲ್ಲೂ ಕರ್ಣದ ಮೇಲಿನ ಸಂಖ್ಯೆ (ಮೊದಲ ಸಾಲಿನಲ್ಲಿ ಕ್ಷದ ಗುಣಕ, ಎರಡನೆಯದರಲ್ಲಿ ಯದ ಗುಣಕ) ಅದೇ ಸಾಲಿನ ಉಳಿದವುಗಳ ಮೊತ್ತಕ್ಕಿಂತ (ಚಿಹ್ನೆ ಬಿಟ್ಟು) ದೊಡ್ಡದಾಗಿದ್ದರೆ ಗಾಸ್-ಸೈಡಲ್ ಖಂಡಿತ ದಡ ಸೇರುತ್ತದೆ. ಹಾಗಿಲ್ಲದಿದ್ದರೆ ಸೇರುವುದೇ ಇಲ್ಲ ಎಂದಲ್ಲ, ಖಾತರಿ ಇಲ್ಲ ಅಷ್ಟೆ.

ಎರಡನೆಯ ರೋಗ ಕಪಟಿ. ಕ್ಷ + ಯ = 2, ಕ್ಷ + 1.0001ಯ = 2.0001 ನೋಡಿ. ಉತ್ತರ 1, 1. ನಿಮ್ಮ ಪ್ರೋಗ್ರಾಂ ಮೊದಲ ಸುತ್ತಿನಲ್ಲಿ ಕ್ಷ = 2, ಯ = 0.0001 ಎನ್ನುತ್ತದೆ. ಎರಡನೆಯ ಸುತ್ತಿನಲ್ಲಿ ಎರಡೂ ಬೆಲೆ ಕೇವಲ 0.0001ರಷ್ಟು ಅಲ್ಲಾಡುತ್ತವೆ. ‘ಬದಲಾವಣೆ 0.001ಕ್ಕಿಂತ ಕಡಿಮೆಯಾದರೆ ನಿಲ್ಲು’ ಎಂದು ಬರೆದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಸಮೀಕರಣಕ್ಕೆ ಹಾಕಿ ತಾಳೆ ನೋಡಿದರೂ ಗೊತ್ತಾಗುವುದಿಲ್ಲ: ಕ್ಷ = 2, ಯ = 0 ಹಾಕಿದರೆ ಮೊದಲನೆಯದು ಸರಿಯಾಗಿ ಕೂರುತ್ತದೆ, ಎರಡನೆಯದರಲ್ಲಿ ಬಾಕಿ ಬರೀ 0.0001. ಉತ್ತರ ಮಾತ್ರ ಪೂರ್ತಿ 1ರಷ್ಟು ತಪ್ಪು! ಇಲ್ಲಿ ಒಂದು ಸುತ್ತಿಗೆ ದೋಷ 1.0001ರಿಂದ ಭಾಗವಾಗುತ್ತದೆ, ಅಷ್ಟೇ. ಅರ್ಧಕ್ಕೆ ಇಳಿಯಲು ಸುಮಾರು 6,930 ಸುತ್ತು, ನೂರನೆಯ ಒಂದು ಭಾಗಕ್ಕೆ ಇಳಿಯಲು 46,000 ದಾಟಬೇಕು.

ಇದನ್ನು ಹಿಡಿಯುವ ಉಪಾಯ ಸರಳವಾಗಿದ್ದರೂ ಲ್ಯಾಬ್ ಪುಸ್ತಕಗಳಲ್ಲಿ ಯಾಕೋ ಕಾಣುವುದು ಅಪರೂಪ. ಒಂದು ಸುತ್ತಿನ ಬದಲಾವಣೆಯನ್ನು ಅದರ ಹಿಂದಿನ ಸುತ್ತಿನ ಬದಲಾವಣೆಯಿಂದ ಭಾಗಿಸಿ; ಬಂದದ್ದು ‘ರ’ ಆಗಲಿ. ಮೊದಲ ಎರಡು ಮೂರು ಸುತ್ತುಗಳನ್ನು ಬಿಟ್ಟು ಲೆಕ್ಕ ಹಾಕಿ. ಉಳಿದಿರುವ ದೋಷ ಸುಮಾರು ಬದಲಾವಣೆ × ರ ÷ (1 − ರ). ಮೇಲಿನ ಉದಾಹರಣೆಯಲ್ಲಿ ರ = 0.9999, ಬದಲಾವಣೆ 0.0001, ಅಂದರೆ ದೋಷ ಸುಮಾರು 1. ಸತ್ಯ ಹೊರಬಿತ್ತು. ನಿಲ್ಲಿಸುವ ಷರತ್ತನ್ನು ಈ ಸಂಖ್ಯೆಯ ಮೇಲೆ ಇಡಿ. ಗರಿಷ್ಠ ಸುತ್ತುಗಳ ಮಿತಿಯೂ ಇರಲಿ. ಮಿತಿ ಮುಟ್ಟಿ ನಿಂತಾಗ ಅದನ್ನು ಉತ್ತರವೆಂದು ಮುದ್ರಿಸದೆ ‘ತಲುಪಲಿಲ್ಲ’ ಎಂದು ಮುದ್ರಿಸಿ.

ಆ ಜೋಡಿಯ ಕಂಡೀಷನ್ ನಂಬರ್ (ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಎಂಬ ಅಳತೆ) ಸುಮಾರು 40,000. ಏಳು ಅಂಕಿಯ ‘ಫ್ಲೋಟ್’ನಲ್ಲಿ ಲೆಕ್ಕ ಹಾಕಿದರೆ ನಾಲ್ಕೈದು ಅಂಕಿ ಅಲ್ಲೇ ಕರಗುತ್ತವೆ, ಆದ್ದರಿಂದ ‘ಡಬಲ್’ ಬಳಸಿ. ಒಂದೆರಡು ಸಾವಿರ ಅಜ್ಞಾತಗಳ ತನಕ ಪಿವೋಟ್ ಬದಲಿಸುವ ಗಾಸ್ ಎಲಿಮಿನೇಷನ್ನೇ ಲೇಸು. ಪುನರಾವರ್ತನ ವಿಧಾನ ಮೆರೆಯುವುದು ಲಕ್ಷಗಟ್ಟಲೆ ಅಜ್ಞಾತಗಳಿದ್ದು ಹೆಚ್ಚಿನ ಗುಣಕಗಳು ಸೊನ್ನೆಯಾಗಿದ್ದಾಗ. ಅಲ್ಲಿಯೂ ಮ್ಯಾಟ್ರಿಕ್ಸ್ ಸಮ್ಮಿತವಾಗಿ, ಧನ ನಿಶ್ಚಿತವಾಗಿದ್ದರೆ ಹೆಸ್ಟೆನೆಸ್ ಮತ್ತು ಸ್ಟೀಫೆಲ್ 1952ರಲ್ಲಿ ಪ್ರಕಟಿಸಿದ ಕಾಂಜುಗೇಟ್ ಗ್ರೇಡಿಯೆಂಟ್ ಇದನ್ನು ಬಹಳ ಹಿಂದೆ ಹಾಕುತ್ತದೆ.

ಪ್ರಶ್ನೆ: ಗ್ರೇಡಿಯೆಂಟ್ ಡಿಸೆಂಟ್‌ನಲ್ಲಿ ಹೆಜ್ಜೆ ದೊಡ್ಡದಾದರೆ ಕೆಡುತ್ತದೆ ಎಂದು ಓದಿದ್ದೆವು. ಈಗ ಉದ್ದ ಹೆಜ್ಜೆಯೇ ವೇಗ ಎನ್ನುತ್ತಾರೆ. ಯಾವುದು ಸರಿ?
– ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಉತ್ತರ: ಎರಡೂ ಸರಿ. ಗ್ರೇಡಿಯೆಂಟ್ ಡಿಸೆಂಟ್ ಎಂದರೆ ಇಳಿಜಾರು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಫಲನದ ತಳ ಹುಡುಕುವುದು. ಅತಿ ಕಡಿದಾದ ದಿಕ್ಕಿನ ಬಾಗು 1 ಎಂದಿಟ್ಟುಕೊಳ್ಳಿ. ಪ್ರತಿ ಹೆಜ್ಜೆಯೂ 2ಕ್ಕಿಂತ ದೊಡ್ಡದಾದರೆ ಉತ್ತರ ಅತ್ತಿತ್ತ ಜಿಗಿಯುತ್ತಾ ದೂರ ಹೋಗುತ್ತದೆ. ಆದರೆ ಸಣ್ಣ ಹೆಜ್ಜೆಗಳ ನಡುವೆ ಆಗೊಮ್ಮೆ ಈಗೊಮ್ಮೆ ಉದ್ದ ಹೆಜ್ಜೆ ಇಟ್ಟರೆ ಒಟ್ಟಾರೆ ಲಾಭ ಎಂದು 2023ರಲ್ಲಿ ಬೆಂಜಮಿನ್ ಗ್ರಿಮ್ಮರ್ ತೋರಿಸಿದರು. ಅದೇ ವರ್ಷ ಜೇಸನ್ ಆಲ್ಟ್‌ಶುಲರ್ ಮತ್ತು ಪಾಬ್ಲೊ ಪರಿಲೊ ‘ಬೆಳ್ಳಿ’ ಹೆಜ್ಜೆಗಳ ಸರಣಿ ಕೊಟ್ಟರು: 1.414, 2, 1.414, 3.414, 1.414, 2, 1.414, ಹೀಗೆ.

ಕೈಯಲ್ಲೇ ಪರೀಕ್ಷಿಸಬಹುದು. ಬಾಗು 1 ಇರುವ ದಿಕ್ಕಿನಲ್ಲಿ ಪ್ರತಿ ಹೆಜ್ಜೆಗೂ ದೋಷ (1 − ಹೆಜ್ಜೆ) ಇಂದ ಗುಣಿಸಲ್ಪಡುತ್ತದೆ. ಮೂರು ಹೆಜ್ಜೆಗೆ 1ರಿಂದ 0.17ಕ್ಕೆ ಬಂದ ದೋಷ ನಾಲ್ಕನೆಯ ಉದ್ದ ಹೆಜ್ಜೆಗೆ 0.41ಕ್ಕೆ ಏರುತ್ತದೆ, ಏಳನೆಯದಕ್ಕೆ 0.07. ಬಾಗು 0.1 ಇರುವ ಸಪಾಟು ದಿಕ್ಕಿನಲ್ಲಿ ಏಳು ಬೆಳ್ಳಿ ಹೆಜ್ಜೆಗೆ ದೋಷ 0.23, ಹೆಜ್ಜೆಯನ್ನು 1ರಲ್ಲೇ ಇಟ್ಟಿದ್ದರೆ 0.48. ಸಮಯ ತಿನ್ನುವುದು ಯಾವಾಗಲೂ ಸಪಾಟು ದಿಕ್ಕೇ, ಗಳಿಕೆಯೂ ಅಲ್ಲೇ. ನಾಲ್ಕನೆಯ ಹೆಜ್ಜೆಯಲ್ಲಿ ಗ್ರಾಫ್ ಏರಿದ್ದು ಕಂಡು ಗಾಬರಿಯಾಗಿ ನಿಲ್ಲಿಸಿದರೆ ಕೆಟ್ಟಿತು; 7, 15, 31, 63ನೆಯ ಹೆಜ್ಜೆಗೆ ನಿಲ್ಲಿಸಬೇಕು. ದೋಷ ಇಳಿಯುವ ದರ ಹೆಜ್ಜೆಗಳ ಸಂಖ್ಯೆಯ 1.27ನೆಯ ಘಾತಕ್ಕೆ ವಿಲೋಮ. ಸ್ಥಿರ ಹೆಜ್ಜೆಗೆ ಆ ಘಾತ 1, 1983ರ ನೆಸ್ಟೆರೊವ್ ವಿಧಾನಕ್ಕೆ 2. ಹಾಗಾಗಿ ಹಳೆಯದನ್ನು ಎಸೆಯಬೇಡಿ. ಈ ಸಾಧನೆ ಇರುವುದು ನಯವಾದ, ಬಟ್ಟಲಿನಾಕಾರದ ಫಲನಗಳಿಗೆ. ನ್ಯೂರಲ್ ನೆಟ್‌ವರ್ಕ್ ತರಬೇತಿಗೆ ನೇರವಾಗಿ ಹಾಕಿದರೆ ಈ ಖಾತರಿ ಜೊತೆಗೆ ಬರುವುದಿಲ್ಲ.

ಪ್ರಶ್ನೆ: ಅಮ್ಮನಿಗೆ 74. ಒಂದು ವರ್ಷದಿಂದ ಮರೆವು. ಲೆಕಾನೆಮ್ಯಾಬ್ ಎಂಬ ಔಷಧ ಅಲ್ಝೈಮರ್ಸನ್ನು ಶೇ 27ರಷ್ಟು ತಡೆಯುತ್ತದಂತೆ. ರಕ್ತಪರೀಕ್ಷೆಯೂ ಬಂದಿದೆಯಂತೆ. ಮಾಡಿಸೋಣವೇ?
– ಓದುಗರು, ಶಿರಸಿ

ಉತ್ತರ: ಮೊದಲು ಅಗ್ಗದ, ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಿ. ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ, ಕಿಡ್ನಿ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಮಿದುಳಿನ ಸ್ಕ್ಯಾನ್ ಒಂದು ಬೇಕು: ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದದ್ದು ಮರೆತೇ ಹೋಗಿರುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಸುರಿಯಿರಿ. ಮೂತ್ರ ಹತೋಟಿಯ ಆಕ್ಸಿಬ್ಯುಟಿನಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಕೆಲವು ನೆಗಡಿ ಮಾತ್ರೆಗಳು ವಯಸ್ಸಾದವರಲ್ಲಿ ಮರೆವು ತರುತ್ತವೆ. ಖಿನ್ನತೆ, ಕಿವಿ ಮಂದವಾಗಿರುವುದು ಕೂಡ ಮರೆವಿನ ವೇಷದಲ್ಲಿ ಬರುತ್ತವೆ.

ಇನ್ನು ಶೇ 27ರ ಲೆಕ್ಕ. ಪ್ರಯೋಗದಲ್ಲಿ 1,795 ಮಂದಿ, ಎಲ್ಲರದೂ ಆರಂಭದ ಹಂತ, ಅವಧಿ 18 ತಿಂಗಳು. ಕಾಯಿಲೆ ಅಳೆಯುವ ಪಟ್ಟಿ 0ಯಿಂದ 18 ಅಂಕದ್ದು. ಹುಸಿ ಔಷಧ ಪಡೆದವರು 1.66 ಅಂಕ ಹದಗೆಟ್ಟರು, ನಿಜವಾದದ್ದು ಪಡೆದವರು 1.21. ವ್ಯತ್ಯಾಸ 0.45, ಅದನ್ನು 1.66ರಿಂದ ಭಾಗಿಸಿದಾಗ ಸಿಗುವುದೇ 27. ಯಾರೂ ಸುಧಾರಿಸಿದರು ಎಂದಲ್ಲ, ಇಳಿತ ನಿಧಾನವಾಯಿತು. ಅದೇ ಹೊತ್ತಿಗೆ ಪೆಟ್ ಸ್ಕ್ಯಾನ್‌ನಲ್ಲಿ ಅಮಿಲಾಯ್ಡ್ (ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕರಣೆಗಟ್ಟುವ ಪ್ರೋಟೀನ್) ಸರಾಸರಿ 55 ಸೆಂಟಿಲಾಯ್ಡ್ (ಅದನ್ನು ಅಳೆಯುವ ಮಾನ) ಇಳಿದಿತ್ತು. ಸ್ಕ್ಯಾನ್ ಚಿತ್ರ ಬೆರಗಾಗುವಷ್ಟು ಶುಭ್ರವಾದರೂ ದಿನದ ಬದುಕಿನಲ್ಲಿ ಮನೆಯವರ ಕಣ್ಣಿಗೆ ಬೀಳುವ ವ್ಯತ್ಯಾಸ ಸಣ್ಣದು. ಕರಣೆ ತೆಗೆದ ಮಾತ್ರಕ್ಕೆ ಸತ್ತ ನರಕೋಶ ಮರಳುವುದಿಲ್ಲ.

ಕೊಡುವ ಕ್ರಮ: ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ ಡ್ರಿಪ್; 60 ಕಿಲೋ ಇದ್ದರೆ 600 ಮಿಲಿಗ್ರಾಂ. ಔಷಧ ಪಡೆದವರಲ್ಲಿ ಶೇ 12.6 ಮಂದಿಗೆ ಎಂಆರ್‌ಐಯಲ್ಲಿ ಮಿದುಳಿನ ಊತ ಕಂಡಿತು. ಅಲ್ಝೈಮರ್ಸ್ ಅಪಾಯ ಹೆಚ್ಚಿಸುವ ಎಪಿಒಇ4 ಜೀನ್‌ನ ಎರಡು ಪ್ರತಿ ಇದ್ದವರಲ್ಲಿ ಅದು ಶೇ 32.6, ಒಂದೂ ಇಲ್ಲದವರಲ್ಲಿ ಶೇ 5.4. ಆದ್ದರಿಂದ ಶುರು ಮಾಡುವ ಮುನ್ನ ಜೀನ್ ಪರೀಕ್ಷೆ ಮತ್ತು ಎಂಆರ್‌ಐ, ಆಮೇಲೆ 3, 5, 7 ಮತ್ತು 14ನೆಯ ಡ್ರಿಪ್‌ಗೆ ಮೊದಲು ಮತ್ತೆ ಎಂಆರ್‌ಐ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಚಿಕಿತ್ಸೆ ನಡೆಯುತ್ತಿರುವುದನ್ನು ಬರೆದ ಚೀಟಿ ಪರ್ಸಿನಲ್ಲಿರಲಿ: ಈ ಊತ ಪಾರ್ಶ್ವವಾಯುವಿನಂತೆ ಕಾಣಬಹುದು, ತುರ್ತು ವಿಭಾಗದಲ್ಲಿ ತಿಳಿಯದೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಜೀವಕ್ಕೇ ಅಪಾಯ.

ರಕ್ತಪರೀಕ್ಷೆ: ಪಿ-ಟಾವು217 (ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಮತ್ತು ಅಮಿಲಾಯ್ಡ್ 42ರ ಅನುಪಾತ ನೋಡುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಅನುಮತಿ ಕೊಟ್ಟಿತು. ಅದು 55 ದಾಟಿದ, ಈಗಾಗಲೇ ಲಕ್ಷಣಗಳಿರುವವರಿಗೆ, ತಜ್ಞರ ಕೈಯಲ್ಲಿ ಬಳಸಲು. ಕಿಡ್ನಿ ತೊಂದರೆಯಿದ್ದರೆ ಪಿ-ಟಾವು ತಾನೇ ಏರುತ್ತದೆ. ಸುಮ್ಮನೆ ಪ್ಯಾಕೇಜ್ ಚೆಕಪ್‌ನಲ್ಲಿ ಮಾಡಿಸಿಕೊಂಡು ನಿದ್ದೆಗೆಡಬೇಡಿ. ಅಮ್ಮನವರನ್ನು ನಿಮ್ಹಾನ್ಸ್‌ನಲ್ಲಾಗಲಿ ಹತ್ತಿರದ ನರರೋಗ ತಜ್ಞರಲ್ಲಾಗಲಿ ಮೊದಲು ತೋರಿಸಿ. ನಮ್ಮ ಹಳ್ಳಿಗರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ.

ಪ್ರಶ್ನೆ: ಪಾರ್ಕಿನ್ಸನ್‌ಗೆ 110ರ ಮಾತ್ರೆ ದಿನಕ್ಕೆ ಮೂರು. ತಿಂದ ಕೂಡಲೇ ವಾಕರಿಕೆ. ಅದರ ಬದಲು ನಸುಗುನ್ನಿ ಪುಡಿ ಆಗುತ್ತದೆಯೇ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: 110ರ ಮಾತ್ರೆಯಲ್ಲಿ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. ಮೂರು ಮಾತ್ರೆಗೆ ಕಾರ್ಬಿಡೋಪಾ 30 ಮಾತ್ರ. ಲೆವೊಡೋಪಾ ಮಿದುಳು ಸೇರುವ ಮುನ್ನವೇ ಡೋಪಮಿನ್ ಆಗಿ ವಾಕರಿಕೆ ತರದಂತೆ ತಡೆಯಲು ದಿನಕ್ಕೆ 70ರಿಂದ 100 ಬೇಕು. 125ರ ಮಾತ್ರೆಯಲ್ಲಿ ಲೆವೊಡೋಪಾ ಅಷ್ಟೇ ಇದ್ದು ಕಾರ್ಬಿಡೋಪಾ 25 ಇರುತ್ತದೆ. ಇದನ್ನು ವೈದ್ಯರಿಗೆ ನೆನಪಿಸಿ, ನೀವೇ ಬದಲಿಸಬೇಡಿ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ; ಬೇಳೆ, ಹಾಲು, ಮೊಟ್ಟೆಯ ಅಮೈನೊ ಆಮ್ಲಗಳು ಇದರ ದಾರಿಗೆ ಅಡ್ಡ ಬರುತ್ತವೆ. ವಾಕರಿಕೆ ತಡೆಯದಿದ್ದರೆ ಎರಡು ಸಪ್ಪೆ ಬಿಸ್ಕತ್ತು ಅಥವಾ ಒಂದು ಹಿಡಿ ಮಂಡಕ್ಕಿ ಸಾಕು. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನಸುಗುನ್ನಿಯಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, ಆದರೆ ಕಾರ್ಬಿಡೋಪಾ ಇಲ್ಲ, ಚಮಚಕ್ಕೆ ಎಷ್ಟು ಎಂಬ ಲೆಕ್ಕವೂ ಇಲ್ಲ. ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸುವುದು ಅಪಾಯ.

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಸ್ಕೂಟರ್‌ನ ಎಲ್‌ಎಫ್‌ಪಿ ಬ್ಯಾಟರಿ 40 ಪರ್ಸೆಂಟ್ ತೋರಿಸುತ್ತಾ ಇದ್ದಕ್ಕಿದ್ದಂತೆ 10ಕ್ಕೆ ಬೀಳುತ್ತದೆ. ಬ್ಯಾಟರಿ ಹೋಯಿತೇ?
– ಡೆಲಿವರಿ ಸವಾರರು, ದಾವಣಗೆರೆ

ಉತ್ತರ: ಹೆಚ್ಚಾಗಿ ಹೋಗಿರುವುದು ಲೆಕ್ಕ. ಎಲ್‌ಎಫ್‌ಪಿ ಎಂದರೆ ಲಿಥಿಯಂ ಕಬ್ಬಿಣದ ಫಾಸ್ಫೇಟ್. ಕಬ್ಬಿಣದ ಫಾಸ್ಫೇಟನ್ನು ಲಿಥಿಯಂ ಬ್ಯಾಟರಿಗೆ ತಂದದ್ದು 1997ರಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ ಪ್ರಕಟಿಸಿದ ಲೇಖನ. ಈ ವಸ್ತುವಿನ ಗುಣವೇ ಇಲ್ಲಿ ತೊಡಕು: ಚಾರ್ಜ್ 80ರಿಂದ 30ಕ್ಕೆ ಇಳಿದರೂ ಸೆಲ್‌ನ ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಕೆಲವೇ ಹತ್ತು ಮಿಲಿವೋಲ್ಟ್ ಅಲ್ಲಾಡುತ್ತದೆ. ವೋಲ್ಟೇಜ್ ನೋಡಿ ಚಾರ್ಜ್ ಹೇಳಲಾಗದು. ಹಾಗಾಗಿ ಬಿಎಂಎಸ್ (ಬ್ಯಾಟರಿಯ ಮೇಲೆ ನಿಗಾ ಇಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಹೋದ-ಬಂದ ಕರೆಂಟನ್ನು ಕೂಡಿಸಿ ಕಳೆದು ಪರ್ಸೆಂಟ್ ತೋರಿಸುತ್ತದೆ. ಸೆನ್ಸರ್ 0.1 ಆಂಪಿಯರ್ ತಪ್ಪಿದರೆ ಹತ್ತು ಗಂಟೆಗೆ 1 ಆಂಪಿಯರ್-ಗಂಟೆ. 30 ಆಂಪಿಯರ್-ಗಂಟೆಯ ಪ್ಯಾಕನ್ನು ಫುಲ್ ಮಾಡದೆ ಐದು ದಿನ ಓಡಿಸಿದರೆ ಆರನೆಯ ಒಂದು ಭಾಗವೇ ಹುಸಿ. ಕೊನೆಯಲ್ಲಿ ವೋಲ್ಟೇಜ್ ಕುಸಿಯತೊಡಗಿದಾಗ ಬಿಎಂಎಸ್‌ಗೆ ನಿಜ ತಿಳಿದು ಅಂಕಿ ಧೊಪ್ಪನೆ ಬೀಳುತ್ತದೆ.

ವಾರಕ್ಕೊಮ್ಮೆ ನೂರಕ್ಕೆ ಚಾರ್ಜ್ ಮಾಡಿ, ನೂರಾದ ಮೇಲೂ ಕಂಪನಿಯ ಚಾರ್ಜರ್‌ನಲ್ಲೇ ಕೆಲ ಗಂಟೆ ಬಿಡಿ. 16 ಸೆಲ್‌ಗಳ ಪ್ಯಾಕಾದರೆ 58.4 ವೋಲ್ಟ್ ಮುಟ್ಟಬೇಕು. ಸೆಲ್‌ಗಳ ನಡುವೆ 1 ಆಂಪಿಯರ್-ಗಂಟೆ ಏರುಪೇರಿದ್ದು, ಬ್ಯಾಲೆನ್ಸಿಂಗ್ ಕರೆಂಟ್ 50 ಮಿಲಿಆಂಪಿಯರ್ ಆದರೆ ಸರಿಹೋಗಲು 20 ಗಂಟೆ ಬೇಕು, ಆದ್ದರಿಂದ ನಾಲ್ಕೈದು ಸಲ ಹೀಗೆ ಮಾಡಿ ನೋಡಿ. ಆಮೇಲೂ ಬಿದ್ದರೆ ಸರ್ವಿಸ್‌ನಲ್ಲಿ ಲೋಡ್ ಹಾಕಿ ಒಂದೊಂದೇ ಸೆಲ್‌ನ ವೋಲ್ಟೇಜ್ ನೋಡಲು ಹೇಳಿ. ಎಲ್ಲವೂ 3.1 ಇರುವಾಗ ಒಂದು ಮಾತ್ರ 2.7ಕ್ಕೆ ಜಾರಿದರೆ ಕಳ್ಳ ಸಿಕ್ಕಿದಂತೆ. ಪ್ಯಾಕನ್ನು ಮನೆಯಲ್ಲಿ ಬಿಚ್ಚಬೇಡಿ, ಸ್ಪ್ಯಾನರ್ ಜಾರಿ ಶಾರ್ಟ್ ಆದರೆ ಲೋಹವೇ ಕರಗುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯ ಲಿಥಿಯಂ ಏನಾಯಿತು? ಸೋಡಿಯಂ ಬ್ಯಾಟರಿ ಬಂದರೆ ಅದು ಬೇಡವಾಗುತ್ತದೆಯೇ?
– ರೈತರು, ಮಂಡ್ಯ

ಉತ್ತರ: ಮರ್ಲಗಲ್ಲ-ಅಲ್ಲಾಪಟ್ಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದ್ದು 1,600 ಟನ್, ಅದೂ ‘ಊಹಿತ’ ವರ್ಗದಲ್ಲಿ. ಇದ್ದಿರಬಹುದು ಎಂಬ ಲೆಕ್ಕ ಅದು, ಗಣಿ ತೆಗೆಯಬಹುದು ಎಂಬುದಲ್ಲ. ಅಲ್ಲಿನ ಸ್ಪಾಡ್ಯುಮಿನ್ ಎಂಬ ಖನಿಜವನ್ನು ಸುಮಾರು 1,050 ಡಿಗ್ರಿಗೆ ಸುಟ್ಟು, ಆಮೇಲೆ ಗಂಧಕಾಮ್ಲದಲ್ಲಿ 250 ಡಿಗ್ರಿಗೆ ಬೇಯಿಸಬೇಕು. ಇಂಧನದ ಖರ್ಚೇ ದೊಡ್ಡದು.

ಸೋಡಿಯಂ ಅಯಾನು ಲಿಥಿಯಂಗಿಂತ ದಪ್ಪ, 1.02 ಆಂಗ್‌ಸ್ಟ್ರಾಮ್‌ಗೆ 0.76. ಲಿಥಿಯಂನಂತೆ ಅದು ಗ್ರಾಫೈಟ್‌ನೊಳಗೆ ತುಂಬಿಕೊಳ್ಳುವುದಿಲ್ಲ, ಅದಕ್ಕೇ ಹಾರ್ಡ್ ಕಾರ್ಬನ್ (ಪದರಗಳು ಅಸ್ತವ್ಯಸ್ತವಾಗಿರುವ ಇಂಗಾಲ) ಬೇಕು. ಅಲ್ಯುಮಿನಿಯಂ ಜೊತೆ ಬೆರೆಯುವುದಿಲ್ಲವಾದ್ದರಿಂದ ಎರಡೂ ಬದಿಗೆ ಅಗ್ಗದ ಅಲ್ಯುಮಿನಿಯಂ ಹಾಳೆ ಸಾಕು, ಸೊನ್ನೆ ವೋಲ್ಟ್‌ಗೆ ಇಳಿಸಿ ಸಾಗಿಸಬಹುದು. ಲಿಥಿಯಂ ಸೆಲ್‌ನಲ್ಲಿ ಅಷ್ಟು ಇಳಿಸಿದರೆ ತಾಮ್ರದ ಹಾಳೆ ಕರಗುತ್ತದೆ. ತಯಾರಿಕೆಯಲ್ಲಿ ದೊಡ್ಡ ಶತ್ರು ತೇವ: ಪದರದ ಆಕ್ಸೈಡ್ ಪುಡಿ ಮಳೆಗಾಲದ ಗಾಳಿಗೆ ಸಿಕ್ಕರೆ ಮೇಲ್ಮೈಯಲ್ಲಿ ಕ್ಷಾರ ಕಟ್ಟಿಕೊಂಡು, ಅಂಟಿನೊಡನೆ ಕಲಸಿದ ಹಿಟ್ಟು ಮೊಸರಿನಂತೆ ಗಟ್ಟಿಯಾಗಿ ಹಾಳೆಗೆ ಬಳಿಯಲಾಗದು. ಒಣ ಕೋಣೆಯ ಖರ್ಚು ಇಲ್ಲಿಂದಲೇ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಬೇರೆ ದಾರಿ ಹಿಡಿದು, ನಾಸಿಕಾನ್ ಎಂಬ ಹರಳಿನ ರಚನೆಯ ಫಾಸ್ಫೇಟ್ ವಸ್ತುಗಳಿಂದ ಬೇಗ ಚಾರ್ಜ್ ಆಗುವ ಸೋಡಿಯಂ ಸೆಲ್ ಮೇಲೆ ಕೆಲಸ ಮಾಡುತ್ತಿದೆ. ತೂಕ ಲೆಕ್ಕಕ್ಕೆ ಬಾರದ ಸೋಲಾರ್ ಸಂಗ್ರಹ, ಆಟೋ, ಪಂಪ್‌ಸೆಟ್ ಕಡೆಗೆ ಸೋಡಿಯಂ ಮೊದಲು ಬರಬಹುದು. ದೂರ ಓಡುವ ಕಾರಿಗೆ ಲಿಥಿಯಂ ಇನ್ನೂ ಬೇಕು.